ಕೆಮ್ಮುವ ಮಕ್ಕಳು, ಅವಸರದ ದೊಡ್ಡವರು

ಜೂನ್ ತಿಂಗಳಲ್ಲಿ ಶಾಲೆ ಶುರುವಾಗಿ ಎರಡು ವಾರ ಕಳೆಯುವುದರೊಳಗೆ ನಮ್ಮ ಓಣಿಯ ಮಕ್ಕಳೆಲ್ಲ ಕೆಮ್ಮತೊಡಗುತ್ತವೆ. ದಾವಣಗೆರೆಯಲ್ಲಿ ಮಲೆನಾಡಿನ ಹಾಗೆ ಮಳೆ ಹಿಡಿದು ಹೊಡೆಯುವುದಿಲ್ಲ. ನಾಲ್ಕು ಹನಿ ಬಿದ್ದು, ಮೋಡ ಮುಚ್ಚಿಕೊಂಡು, ಗಾಳಿ ತಣ್ಣಗಾದರೆ ಸಾಕು. ಅಂಗನವಾಡಿಯಿಂದ ಒಂದು ಮಗು ಸುರಿಯುವ ಮೂಗಿನೊಂದಿಗೆ ಮನೆಗೆ ಬರುತ್ತದೆ. ಅದರಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಯ ತೊಟ್ಟಿಲಿಗೆ. ಇದಕ್ಕೆ ನಮ್ಮ ಮನೆಮಾತಿನಲ್ಲಿ ನಜ್ಲಾ ಎನ್ನುತ್ತೇವೆ, ಎದುರು ಮನೆಯವರು ನೆಗಡಿ ಎನ್ನುತ್ತಾರೆ. ಹೆಸರು ಯಾವುದಾದರೂ ಮೂಗು ಸುರಿಯುವುದು ಒಂದೇ ಥರ.

ಅಂಥ ದಿನಗಳಲ್ಲಿ ಸಂಜೆ ಓಣಿಯ ತುದಿಯ ಮೆಡಿಕಲ್ ಶಾಪಿನ ಮುಂದೆ ನಿಂತು ನೋಡಬೇಕು. ಸೊಂಟದಲ್ಲಿ ಕೂಸು, ಬುರ್ಖಾದ ತುದಿ ಹಿಡಿದ ಇನ್ನೊಂದು ಮಗು. "ಕೆಮ್ಮಿಂದು ಒಂದು ಸೀಸೆ ಕೊಡ್ರಿ" ಎಂಬ ಬೇಡಿಕೆ. ಒಳಗಿನ ಹುಡುಗ ಮಗುವಿನ ವಯಸ್ಸು ಕೇಳಿದರೆ ಅದೇ ದೊಡ್ಡ ವಿಚಾರಣೆ. ಹಳೆಯ ಚೀಟಿ ಇದ್ದರೆ ಆಯಿತು, ಇಲ್ಲದಿದ್ದರೂ ಆಯಿತು. "ಮೂರು ಹೊತ್ತು ಒಂದೊಂದು ಮುಚ್ಚಳ" ಎಂದು ಹೇಳಿ ಸೀಸೆಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾನೆ.

ಈ ತಾಯಂದಿರನ್ನು ಬೈಯುವುದು ಸುಲಭ. ಆದರೆ ಸೀಸೆ ಯಾರಿಗಾಗಿ ಬರುತ್ತಿದೆ ಎಂದು ನೋಡಿದರೆ ಬೈಯಲು ಮನಸ್ಸು ಬರುವುದಿಲ್ಲ. ನಮ್ಮ ಮನೆಗಳಲ್ಲಿ ಮಗು ಕೆಮ್ಮಿದರೆ ಎಲ್ಲರೂ ಮಗುವಿನ ಮುಖ ನೋಡುವುದಿಲ್ಲ, ತಾಯಿಯ ಮುಖ ನೋಡುತ್ತಾರೆ. ತಲೆ ಸರಿಯಾಗಿ ಒರೆಸಲಿಲ್ಲವೇ? ಬಾಳೆಹಣ್ಣು ಯಾರು ಕೊಟ್ಟರು? ತವರಿಗೆ ಹೋದಾಗ ಐಸ್‌ಕ್ರೀಮ್ ತಿನ್ನಿಸಿದಿರೇನೋ! ರಾತ್ರಿ ಒಂದೇ ಕೋಣೆಯಲ್ಲಿ ಏಳು ಜನ ಮಲಗಿರುತ್ತಾರೆ. ಬೆಳಗಿನ ಜಾವ ಕೆಲಸಕ್ಕೆ ಏಳಬೇಕಾದ ಗಂಡಸು ಮಗ್ಗುಲು ಬದಲಿಸಿ ಗೊಣಗುತ್ತಾನೆ. ಆಗ ತಾಯಿಗೆ ಕೆಮ್ಮು ವಾಸಿಯಾಗುವುದಕ್ಕಿಂತ ಮೊದಲು ಕೆಮ್ಮಿನ ಸದ್ದು ನಿಲ್ಲಬೇಕು. ಕಿಟಕಿಯ ಮೇಲೆ ನಿಂತ ಸೀಸೆ 'ನಾನೂ ಏನೋ ಮಾಡಿದ್ದೇನೆ' ಎಂಬುದಕ್ಕೆ ಅವಳ ಪರವಾದ ಸಾಕ್ಷಿ. ಔಷಧಿ ಬರೆಯದೆ "ತಾನಾಗಿ ಹೋಗುತ್ತೆ, ನೀರು ಕುಡಿಸಿ" ಎಂದು ಹೇಳಿ ಕಳಿಸುವ ಡಾಕ್ಟರರ ಬಳಿ ನಮ್ಮ ಜನ ಎರಡನೇ ಸಲ ಹೋಗುವುದಿಲ್ಲ. "ಫೀಸು ತೊಗೊಂಡು ಬರೀ ಮಾತು ಕೊಟ್ಟ" ಎನ್ನುತ್ತಾರೆ.

2025ರ ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಪರಾಸಿಯಾ ಕಡೆ ನಡೆದದ್ದನ್ನು ಓದಿದ ಮೇಲೆ ಆ ಕಾಗದ ಸುತ್ತಿದ ಸೀಸೆ ನಮಗೆ ಬೇರೆಯೇ ರೀತಿ ಕಾಣತೊಡಗಿದೆ. ಅಲ್ಲಿಯೂ ಇದ್ದದ್ದು ಇದೇ ನೆಗಡಿ, ಇದೇ ಕೆಮ್ಮು, ಸಣ್ಣ ಜ್ವರ. ಕೊಟ್ಟದ್ದು ಕೋಲ್ಡ್ರಿಫ್ ಎಂಬ ಸಿರಪ್. ಕೆಲವೇ ದಿನಗಳಲ್ಲಿ ಮಕ್ಕಳ ಮೂತ್ರ ನಿಂತಿತು, ಮೂತ್ರಪಿಂಡಗಳು ಕೆಲಸ ಬಿಟ್ಟವು. ನಾಗಪುರದ ಆಸ್ಪತ್ರೆಗಳಿಗೆ ಹೊತ್ತುಕೊಂಡು ಓಡಿದರು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಬಹುತೇಕರು ಐದು ವರ್ಷದೊಳಗಿನವರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಆ ಸಿರಪ್ಪನ್ನು ಅಲ್ಲಿನ ಸರಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ನೂರಕ್ಕೆ 48.6 ಭಾಗ ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಅದು ಕಾರ್ಖಾನೆಗಳಲ್ಲಿ ಬಳಸುವ ದ್ರಾವಕ. ಸಿರಪ್ಪಿಗೆ ಬಳಸುವ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ನಂಥ ದ್ರವಗಳು ಶುದ್ಧವಾಗಿಲ್ಲದಿದ್ದರೆ ಇದು ಒಳಗೆ ಸೇರುತ್ತದೆ. ಔಷಧಿಯಲ್ಲಿ ಇರಬಹುದಾದ ಮಿತಿ ನೂರಕ್ಕೆ 0.1 ಮಾತ್ರ. ಇದರ ರುಚಿಯೂ ಸಿಹಿ. ಮಗು ಚಪ್ಪರಿಸಿ ಕುಡಿಯುತ್ತದೆ, ತಾಯಿಗೆ ಸಮಾಧಾನ.

ಇದು ಮೊದಲ ಸಲ ಆದದ್ದಾಗಿದ್ದರೆ ಅಪಘಾತ ಎನ್ನಬಹುದಿತ್ತು. 1937ರಲ್ಲಿ ಅಮೆರಿಕದಲ್ಲಿ ಇದೇ ವಿಷ ಬೆರೆತ ಔಷಧಿಯಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅಲ್ಲಿ ಔಷಧಿಗಳ ಕಾನೂನು ಬಿಗಿಯಾಯಿತು. ನಮ್ಮಲ್ಲಿ 1986ರಲ್ಲಿ ಮುಂಬಯಿ, 1998ರಲ್ಲಿ ಗುರುಗ್ರಾಮ, 2020ರ ಆರಂಭದಲ್ಲಿ ಜಮ್ಮುವಿನ ಉಧಂಪುರ ಜಿಲ್ಲೆಯ ರಾಮನಗರ. 2022ರಲ್ಲಿ ನಮ್ಮ ದೇಶದಿಂದ ಹೋದ ಸಿರಪ್ ಕುಡಿದ ಗ್ಯಾಂಬಿಯಾ ದೇಶದ ಸುಮಾರು ಎಪ್ಪತ್ತು ಮಕ್ಕಳ ಸಾವಿನ ಸುದ್ದಿ. ಪ್ರತಿಸಲ ಅದೇ ವಿಷ, ಅದೇ ವಿಚಾರಣೆ, ಲೈಸೆನ್ಸ್ ರದ್ದು. ನಂತರ ನಾವೂ ಮರೆತೆವು.

ಇನ್ನೊಂದು ಮಾತನ್ನು ಇಲ್ಲಿ ಹೇಳಬೇಕು. ಕೋಲ್ಡ್ರಿಫ್‌ನಲ್ಲಿ ಇದ್ದ ನೆಗಡಿ ಔಷಧಿಗಳ ಜೋಡಿಯನ್ನು, ಎಂದರೆ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ್ದನ್ನು, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸೀಸೆಯ ಮೇಲೆ ಮುದ್ರಿಸಬೇಕೆಂದು 2023ರ ಡಿಸೆಂಬರಿನಲ್ಲೇ ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದ್ದರು. ಛಿಂದ್ವಾಡಾದ ನಂತರ, 2025ರ ಅಕ್ಟೋಬರ್ 3ರಂದು ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ ಮತ್ತೆ ಹೇಳಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಬರೆಯಲೂಬಾರದು, ಕೊಡಲೂಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಅದು ಬೇಡ. ವಿಷ ಬೆರೆಯದಿದ್ದರೂ ಈ ಮಾತು ಅನ್ವಯಿಸುತ್ತದೆ ಎಂಬುದನ್ನು ಗಮನಿಸಬೇಕು. ಚಿಕ್ಕ ಮಕ್ಕಳ ಕೆಮ್ಮಿಗೆ ಈ ಸಿರಪ್ಪುಗಳಿಂದ ಉಪಯೋಗವಿದೆ ಎಂದು ಯಾರೂ ಸರಿಯಾಗಿ ತೋರಿಸಿಕೊಟ್ಟಿಲ್ಲ. ಮಂಪರು, ಎದೆಬಡಿತ, ಚಡಪಡಿಕೆ ಮಾತ್ರ ನಿಜ. ಮಂಪರಿನಲ್ಲಿ ಮಲಗಿದ ಮಗುವನ್ನು ನೋಡಿ ನಾವು 'ಔಷಧಿ ಹಿಡಿಯಿತು' ಎನ್ನುತ್ತೇವೆ.

ನಾವು ವೈದ್ಯರಲ್ಲ, ಕತೆ ಬರೆಯುವವರು. ಆದರೆ ಉರ್ದು ಶಾಲೆಯಲ್ಲಿ ಓದಿದವರಿಗೆ ಹಕೀಮರ ಪುಸ್ತಕಗಳ ಪರಿಚಯ ಅಷ್ಟಿಷ್ಟು ಇರುತ್ತದೆ. ಯುನಾನಿ ವೈದ್ಯದಲ್ಲಿ ತಬೀಅತ್ ಎಂಬ ಮಾತಿದೆ. 'ನಿಮ್ಮ ತಬೀಅತ್ ಹೇಗಿದೆ' ಎಂದು ದಿನಾ ಕೇಳುವ ಅದೇ ಪದ. ಹಕೀಮರ ಅರ್ಥದಲ್ಲಿ ಅದು ದೇಹದ ಒಳಗೇ ಇದ್ದು ಅದರ ಆಡಳಿತ ನಡೆಸುವ ಶಕ್ತಿ. ರೋಗವನ್ನು ಹೊರಹಾಕುವುದು ಅದರ ಕೆಲಸ. ಹಕೀಮ ಅದರ ಸಹಾಯಕ, ಅಷ್ಟೆ. ಇಂದಿನ ವೈದ್ಯರು ರೋಗನಿರೋಧಕ ಶಕ್ತಿ ಎನ್ನುವುದೂ ಇದೂ ಒಂದೇ ಅಲ್ಲ, ನಿಜ. ಆದರೂ ಕೆಮ್ಮುವ ಮಗುವಿನ ಹತ್ತಿರ ಕುಳಿತಾಗ ಈ ಹಳೆಯ ಮಾತು ಉಪಯೋಗಕ್ಕೆ ಬರುತ್ತದೆ. ಕೆಮ್ಮು ಎಂದರೆ ಶ್ವಾಸನಾಳದಲ್ಲಿ ಕಟ್ಟಿಕೊಂಡದ್ದನ್ನು ಹೊರಗೆ ತಳ್ಳುವ ಉಪಾಯ. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚಿವೆ. ಒಂದನ್ನು ಗುರುತು ಹಿಡಿದ ದೇಹಕ್ಕೆ ಇನ್ನೊಂದು ಹೊಸದು. ಆದ್ದರಿಂದ ಚಿಕ್ಕ ಮಗುವಿಗೆ ವರ್ಷಕ್ಕೆ ಆರು ಅಥವಾ ಎಂಟು ಸಲ ನೆಗಡಿಯಾಗುವುದು ಸಹಜ. "ನಮ್ಮ ಮಗುವಿಗೆ ತಾಕತ್ತೇ ಇಲ್ಲ" ಎಂದು ಅಳುವ ತಾಯಂದಿರಿಗೆ ಈ ಲೆಕ್ಕವನ್ನು ಯಾರಾದರೂ ಹೇಳಬೇಕು. ಮೂಗು ವಾರದಲ್ಲಿ ಒಣಗಿದರೂ ಕೆಮ್ಮು ಎರಡು-ಮೂರು ವಾರ ಎಳೆಯಬಹುದು. ವೈರಸ್‌ಗೆ ಆಂಟಿಬಯಾಟಿಕ್ ತಾಗುವುದಿಲ್ಲ. ಮೂರನೇ ದಿನ ಡಾಕ್ಟರನ್ನು ಬದಲಿಸಿ, ಐದನೇ ದಿನ ಇನ್ನೊಂದು ಆಂಟಿಬಯಾಟಿಕ್ ತಂದು, ಹತ್ತನೇ ದಿನ ತಾನಾಗಿ ಇಳಿದ ಕೆಮ್ಮಿನ ಕೀರ್ತಿಯನ್ನು ಕೊನೆಯ ಡಾಕ್ಟರರಿಗೆ ಕೊಡುವುದು ನಮ್ಮ ಕಡೆಯ ಪದ್ಧತಿ.

ನಮ್ಮ ದಾದಿಯ ಕಾಲದಲ್ಲಿ ಜೋಶಾಂದಾ ಇತ್ತು. ಉನ್ನಾಬ್, ಸಪಿಸ್ತಾನ್, ಮುಲೇಠಿ, ಗುಲ್ ಬನಫ್ಶಾ, ಎಲ್ಲ ಸೇರಿಸಿ ಕಟ್ಟಿದ ಪುಡಿಕೆಯನ್ನು ಅತ್ತಾರರ ಅಂಗಡಿಯಿಂದ ತಂದು ಕುದಿಸಿ ಶೋಧಿಸುತ್ತಿದ್ದರು. ಈ ಹೆಸರುಗಳನ್ನು ಕೇಳಿ ಅವೆಲ್ಲ ಯಾವುದೋ ದೂರದೇಶದವೆಂದು ನಾವು ಚಿಕ್ಕವರಿದ್ದಾಗ ತಿಳಿದಿದ್ದೆವು. ಆಮೇಲೆ ನೋಡಿದರೆ ಸಪಿಸ್ತಾನ್ ನಮ್ಮ ಬಯಲುಸೀಮೆಯ ಚಳ್ಳೆಹಣ್ಣು, ಮುಲೇಠಿ ಎದುರು ಮನೆಯ ಅಜ್ಜಿಯ ಜ್ಯೇಷ್ಠಮಧು! ಆ ಅಜ್ಜಿ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡುತ್ತಿದ್ದರು. ಕೆಮ್ಮಿನ ಕಾಲದಲ್ಲಿ ಎರಡೂ ಮನೆಗಳ ಲೋಟಗಳು ಓಣಿ ದಾಟಿ ಓಡಾಡುತ್ತಿದ್ದವು. ಅದರಿಂದ ರೋಗ ಎಷ್ಟು ವಾಸಿಯಾಗುತ್ತಿತ್ತೋ, ಬಿಸಿನೀರು ಮತ್ತು ಮಡಿಲು ಸಿಗುತ್ತಿದ್ದದ್ದಂತೂ ಹೌದು.

ಹಳೆಯದನ್ನೆಲ್ಲ ಹೊಗಳುವವರ ಸಾಲಿಗೆ ನಾವು ಸೇರಿದವರಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ರೂಢಿ ನಮ್ಮಲ್ಲೂ ಇದೆ, ನೆರೆಯವರಲ್ಲೂ ಇದೆ. ಒಂದು ವರ್ಷ ತುಂಬುವವರೆಗೆ ಜೇನು ಕೂಡದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆಯ ಕರುಳಿನಲ್ಲಿ ಮೊಳೆತು ನರಗಳನ್ನೇ ಸೋಲಿಸುವ ವಿಷ ಮಾಡಬಲ್ಲದು. ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನು ಗಂಟಲಿಗೆ ಹಿತ, ಬಹಳ ಸಿರಪ್ಪುಗಳಿಗಿಂತ ಮೇಲು. ಎರಡು ವರ್ಷದೊಳಗಿನ ಕೂಸಿನ ಮೂಗಿಗೆ, ಎದೆಗೆ ಕರ್ಪೂರದ ವಾಸನೆಯ ಮುಲಾಮು ಬೇಡ. ಬಿಸಿನೀರಿನ ಪಾತ್ರೆಯ ಮೇಲೆ ಮಗುವನ್ನು ಬಗ್ಗಿಸಿ ಚಾದರ ಹೊದಿಸುವುದರಿಂದ ಸುಟ್ಟುಕೊಂಡ ಮಕ್ಕಳು ಎಷ್ಟೋ. ಇನ್ನು ಹಳ್ಳಿಗಳ ಕಡೆ ಹೊಟ್ಟೆಗೆ, ಪಕ್ಕೆಗೆ ಚುಟಿಕೆ ಹಾಕಿಸುವುದು ಪೂರ್ತಿ ನಿಂತಿಲ್ಲ. ಕಾಯಿಸಿದ ಬಳೆಚೂರನ್ನು ಕೂಸಿನ ಚರ್ಮಕ್ಕೆ ಒತ್ತುವ ಆ ಕ್ರೌರ್ಯಕ್ಕೆ ಯಾವ ವೈದ್ಯದ ಹೆಸರೂ ಬೇಡ.

ಮನೆಯಲ್ಲಿ ಮಾಡಬೇಕಾದದ್ದು ಕೇಳಿದರೆ ನಿರಾಸೆಯಾಗುವಷ್ಟು ಸಾದಾ. ಎದೆಹಾಲು ಕುಡಿಯುವ ಕೂಸಿಗೆ ಮತ್ತೆ ಮತ್ತೆ ಎದೆಹಾಲು. ದೊಡ್ಡ ಮಗುವಿಗೆ ಬೆಚ್ಚಗಿನ ನೀರು, ಗಂಜಿ, ಬೇಳೆಕಟ್ಟು, ಸ್ವಲ್ಪ ಸ್ವಲ್ಪ. ಮೊದಲ ಕೆಲವು ತಿಂಗಳು ಕೂಸು ಮೂಗಿನಿಂದಲೇ ಉಸಿರಾಡುವುದರಿಂದ ಮೂಗು ಕಟ್ಟಿದರೆ ಹಾಲು ಕುಡಿಯಲಾಗದೆ ಅಳುತ್ತದೆ. ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಗಳನ್ನು ಹಾಲೂಡಿಸುವ ಮುನ್ನ ಎರಡು ಹನಿ ಬಿಟ್ಟರೆ ಸಾಕು. ಜ್ವರಕ್ಕೆ ಪ್ಯಾರಸಿಟಮಾಲ್ ಮಗುವಿನ ತೂಕಕ್ಕೆ ತಕ್ಕಂತೆ ಡಾಕ್ಟರು ಹೇಳಿದಷ್ಟೇ. ಇದರಲ್ಲಿ ಹನಿ ಹಾಕುವ ಸಣ್ಣ ಸೀಸೆಯ ಔಷಧಿ, ಚಮಚದ ಸೀಸೆಯದಕ್ಕಿಂತ ಗಾಢ. ಅಕ್ಕನ ಸೀಸೆಯ ಲೆಕ್ಕದಲ್ಲಿ ತಮ್ಮನ ಸೀಸೆಯಿಂದ ಸುರಿದರೆ ಅನಾಹುತ. ಅಡುಗೆಮನೆಯ ಚಮಚವಂತೂ ಮನೆಗೊಂದು ಗಾತ್ರ.

ಹಾಗಾದರೆ ಯಾವ ಕೆಮ್ಮಿಗೆ ಓಡಬೇಕು? ನಮ್ಮ ದಖನಿ ಮಾತಿನಲ್ಲಿ 'ಪಸ್ಲಿ ಚಲ್ನಾ' ಎಂಬ ಮಾತಿದೆ, ಪಕ್ಕೆ ನಡೆಯುವುದು. ಉಸಿರು ಎಳೆದಾಗ ಎದೆಯ ಕೆಳಭಾಗ ಒಳಕ್ಕೆ ಗುಳಿ ಬೀಳುವುದು. ನ್ಯುಮೋನಿಯಾ ಎಂಬ ಹೆಸರು ಕೇಳುವ ಮೊದಲೇ ನಮ್ಮ ಅಜ್ಜಿಯಂದಿರು ಅದನ್ನು ಕಣ್ಣಿನಿಂದ ಹಿಡಿದಿದ್ದರು. ವಿಶ್ವ ಆರೋಗ್ಯ ಸಂಸ್ಥೆಯವರು ಆಶಾ ಕಾರ್ಯಕರ್ತೆಯರಂಥವರಿಗೆ ಕಲಿಸಿಕೊಡುವ ವಿದ್ಯೆಯೂ ಕಣ್ಣಿನದೇ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಕಾಯಬಾರದು. ಪಕ್ಕೆ ಸೆಳೆದರೆ, ಹಾಲು-ನೀರು ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಗಟ್ಟಿದರೆ, ಎರಡು-ಮೂರು ತಿಂಗಳ ಕೂಸಿಗೆ ಜ್ವರ ಬಂದರೆ ಎಣಿಸುತ್ತ ಕೂರುವುದೂ ಬೇಡ, ಸೀದಾ ಆಸ್ಪತ್ರೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ 7 ಲಕ್ಷ 40 ಸಾವಿರ ಮಕ್ಕಳನ್ನು ನ್ಯುಮೋನಿಯಾ ಕೊಂಡೊಯ್ದಿದೆ.

ನಮ್ಮ ಹಿಂದಿನ ಸಾಲಿನ ಮನೆಯಲ್ಲಿ ಮಂಡಕ್ಕಿ ಭಟ್ಟಿಗೆ ಹೋಗುವ ಹೆಂಗಸೊಬ್ಬರಿದ್ದಾರೆ. ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಹತ್ತು ತಿಂಗಳ ಮಗನನ್ನು ಎತ್ತಿಕೊಂಡು ಬಂದು, "ಕಲ್ ಸೂ ದೂದ್ ನೈ ಪೀರಾ ಆಪಾ" ಎಂದರು. ನಿನ್ನೆಯಿಂದ ಹಾಲು ಕುಡಿಯುತ್ತಿಲ್ಲವಂತೆ. ಕೈಯಲ್ಲಿ ಅರ್ಧ ಖಾಲಿಯಾದ ಸಿರಪ್ ಸೀಸೆ. ಕೂಸು ಅಳುತ್ತಿರಲಿಲ್ಲ, ಅದೇ ಅಂಜಿಕೆಯ ವಿಷಯ. ಸಿರಪ್ಪು ಕೆಮ್ಮನ್ನು ಸುಮ್ಮನಾಗಿಸಿತ್ತು, ಉಸಿರನ್ನಲ್ಲ. ಅಂಗಿ ಎತ್ತಿ ಮೊಬೈಲಿನ ಗಡಿಯಾರ ನೋಡುತ್ತ ಎಣಿಸಿದೆವು. ಅರವತ್ತೆರಡು. ಪಕ್ಕೆಯ ಕೆಳಗೆ ಬೆರಳಿಡುವಷ್ಟು ಗುಳಿ. ಆಟೋದಲ್ಲಿ ಸರಕಾರಿ ಆಸ್ಪತ್ರೆಗೆ ಹೋದೆವು. ಆಕ್ಸಿಜನ್ ಹಚ್ಚಿದರು, ಇಂಜೆಕ್ಷನ್ ಶುರು ಮಾಡಿದರು. ಇಲ್ಲಿ ಆಂಟಿಬಯಾಟಿಕ್ ಬೇಕು, ತಡವಿಲ್ಲದೆ ಬೇಕು. ಆರನೇ ದಿನ ಹುಡುಗ ನಗುತ್ತ ಮನೆಗೆ ಬಂದ. "ಇನ್ನೊಂದು ದಿನ ತಡೆದಿದ್ದರೆ..." ಎಂದು ನರ್ಸಮ್ಮ ಮಾತು ಅರ್ಧಕ್ಕೆ ಬಿಟ್ಟಿದ್ದರು.

ಮನೆಗೆ ಬಂದ ಕೂಡಲೇ ಆ ತಾಯಿ ಕೇಳಿದ್ದು, "ತಾಕತ್ತಿಗೆ ಯಾವ ಟಾನಿಕ್ ಕೊಡಲಿ?" ಎಂದು. ಕೊರೋನಾ ಬಂದು ಹೋದ ಮೇಲೆ 'ಇಮ್ಯೂನಿಟಿ' ಎಂಬ ಪದ ಓದಲು ಬಾರದವರ ಬಾಯಲ್ಲೂ ಇದೆ. ಡಬ್ಬಿಗಳ ಮೇಲೆಲ್ಲ ಅದೇ ಬರಹ. ಎರಡು ದಿನದ ಕೂಲಿ ಕೊಟ್ಟು ತರುವ ಆ ಪುಡಿಯಲ್ಲಿ ಸಕ್ಕರೆಯ ಪಾಲೇ ದೊಡ್ಡದು. ಅದೇ ದುಡ್ಡಿಗೆ ಮೊಟ್ಟೆ, ಬೇಳೆ, ಸೊಪ್ಪು, ಪಪ್ಪಾಯಿ ಎಷ್ಟು ಬರುತ್ತದೆಂದು ಲೆಕ್ಕ ಹಾಕಿ ತೋರಿಸಿದರೆ, "ಅದು ಊಟ ಆಯ್ತಲ್ಲ ಆಪಾ, ತಾಕತ್ತಿಗೆ?" ಎನ್ನುತ್ತಾರೆ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡದಿರುವುದು, ಒಂಬತ್ತನೇ ತಿಂಗಳಿಂದ ಅಂಗನವಾಡಿಯಲ್ಲಿ ಹಾಕುವ ವಿಟಮಿನ್ ಎ ಹನಿ, ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ: ಇವುಗಳಿಗೆ ಡಬ್ಬಿಯೂ ಇಲ್ಲ, ಜಾಹೀರಾತೂ ಇಲ್ಲ.

ಲಸಿಕೆಯ ಮಾತು ಬಂದರೆ ನಮ್ಮ ಓಣಿಗಳ ಕತೆ ಸ್ವಲ್ಪ ಬೇರೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದಿನ ಅಭಿಯಾನ ನಡೆದಾಗ ವಾಟ್ಸಾಪಿನಲ್ಲಿ ಬಂದ ಸುದ್ದಿಗಳು ನೆನಪಿವೆ. ಮುಂದೆ ಮಕ್ಕಳಾಗುವುದಿಲ್ಲ, ಇದು ನಮ್ಮವರನ್ನು ಕಡಿಮೆ ಮಾಡುವ ಹೂಟ, ಹೀಗೆ. ಚುಚ್ಚುವ ದಿನ ಉರ್ದು ಶಾಲೆಯ ಬೆಂಚುಗಳು ಅರ್ಧ ಖಾಲಿ. ಸರಕಾರದ ಮೇಲೆ ಅಪನಂಬಿಕೆ ಹುಟ್ಟಲು ನಮ್ಮ ಜನಕ್ಕೆ ಬೇರೆ ಬೇರೆ ಕಾರಣಗಳಿರಬಹುದು. ಅದರ ಸಾಲವನ್ನು ಮಕ್ಕಳ ಎದೆಯಿಂದ ತೀರಿಸಬೇಕೇ? ದಡಾರ ಬಂದ ಮಗುವಿಗೆ ಮುಂದಿನದು ಎಷ್ಟೋ ಸಲ ನ್ಯುಮೋನಿಯಾ. ನ್ಯುಮೋಕಾಕಲ್ ಲಸಿಕೆ ಹಿಂದೆ ಖಾಸಗಿ ಆಸ್ಪತ್ರೆಗಳಲ್ಲಿ ಸಾವಿರಾರು ರೂಪಾಯಿ ಕೊಡಬಲ್ಲವರಿಗೆ ಮಾತ್ರ ಇತ್ತು. 2021ರ ಅಕ್ಟೋಬರಿನಿಂದ ಇಡೀ ದೇಶದಲ್ಲಿ ಸರಕಾರವೇ ಪುಕ್ಕಟೆ ಹಾಕುತ್ತಿದೆ: ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ನಮ್ಮ ಹಿಂದಿನ ಸಾಲಿನ ಹುಡುಗನ ತಾಯಿ ಕಾರ್ಡನ್ನು ಈಗ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದಾರೆ. ಬಿಟ್ಟುಹೋದ ಡೋಸನ್ನು ಆಶಾ ಕಾರ್ಯಕರ್ತೆ ಬಂದು ಹಾಕಿಸಿದರು.

ಹೊಗೆಯ ವಿಷಯ ಮಾತ್ರ ಕಾರ್ಡಿನಿಂದ ಬಗೆಹರಿಯುವುದಿಲ್ಲ. ದಾವಣಗೆರೆಯ ಮಂಡಕ್ಕಿ-ಮಿರ್ಚಿಯನ್ನು ಹೊಗಳದವರಿಲ್ಲ. ಆ ಮಂಡಕ್ಕಿ ಹುರಿಯುವ ಭಟ್ಟಿಗಳಲ್ಲಿ ನಡುರಾತ್ರಿ ಕಳೆದ ಮೇಲೆ ಬೆಂಕಿ ಹೊತ್ತುತ್ತದೆ. ಹೊಟ್ಟು, ಸೌದೆ, ಕೆಲವೆಡೆ ಹಳೆಯ ಟೈರು. ಹುರಿಯುವವರು, ಜರಡಿ ಹಿಡಿಯುವವರು, ಚೀಲ ತುಂಬುವವರು ಬಹುಪಾಲು ನಮ್ಮ ಓಣಿಗಳವರೇ. ಮನೆಯೊಳಗಿನ ಒಲೆಯ ಹೊಗೆಯೊಂದೇ ಮಗುವಿನ ನ್ಯುಮೋನಿಯಾ ಅಪಾಯವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡುತ್ತದೆ ಎನ್ನುತ್ತಾರೆ. ಭಟ್ಟಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ ಕೂಸಿನ ಲೆಕ್ಕ ಯಾರು ಹಾಕುತ್ತಾರೆ? ಮನೆಯಲ್ಲಿ ಬೀಡಿ ಸೇದಬೇಡಿ ಎಂದು ಗಂಡನಿಗೆ ಹೇಳಬಹುದು. ಭಟ್ಟಿಯ ಮಾಲೀಕನಿಗೆ ಉದ್ದನೆಯ ಚಿಮಣಿ ಹಾಕಿಸು, ಟೈರು ಸುಡಬೇಡ ಎಂದು ಕೂಲಿಯ ಹೆಂಗಸು ಹೇಳುವುದು ಹೇಗೆ? ಆ ಮಾಲೀಕನೂ ದೊಡ್ಡ ಸಾಹುಕಾರನೇನಲ್ಲ, ಪಕ್ಕದ ಓಣಿಯ ಸಾಲಗಾರನೇ.

"ಭಟ್ಟಿಗೆ ಕೂಸನ್ನು ಕರೆದುಕೊಂಡು ಹೋಗಬೇಡಿ" ಎಂದು ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. "ಎಲ್ಲಿ ಬಿಡಲಿ?" ಎಂದು ತಾಯಿ ಅವರನ್ನು ಕೇಳಲಿಲ್ಲ, ಹೊರಗೆ ಬಂದು ನಮ್ಮನ್ನು ಕೇಳಿದರು. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಯ ಹೆಂಗಸರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬುದನ್ನು ಸರಕಾರ ತೆರೆದಿದೆ. ಊರಿನ ಭಟ್ಟಿಗಳ ಸಾಲಿನಲ್ಲೂ ಅಂಥದ್ದೊಂದು ಬೇಕೆಂದು ನಮ್ಮ ವಾರ್ಡಿನ ಕೆಲವು ಹೆಂಗಸರು ಸೇರಿ ಅರ್ಜಿ ಬರೆದಿದ್ದೇವೆ. ಸದ್ಯಕ್ಕೆ ಹುಡುಗ ಭಟ್ಟಿಗೆ ಹೋಗುತ್ತಿಲ್ಲ. ಮೂರನೇ ತರಗತಿಯಲ್ಲಿ ಓದುವ ಅಕ್ಕ ಅವನನ್ನು ಮನೆಯಲ್ಲಿ ನೋಡಿಕೊಳ್ಳುತ್ತಾಳೆ. ವಾರದಲ್ಲಿ ಎರಡು ಮೂರು ದಿನ ಅವಳು ಶಾಲೆಯಲ್ಲಿ ಗೈರು.